ಗೋರಟಾದ ದಿನ: ಸ್ವಾಮಿ ರಮಾನಂದ ತೀರ್ಥರ ಸ್ಮರಣೆ

ಇಂದು ಮೇ 9. 1948ನೆಯ ಇಸವಿಯಲ್ಲಿ ಇದೇ ದಿನ ಬೀದರ ಜಿಲ್ಲೆಯ ಗೋರಟಾ ಗ್ರಾಮದ ಮೇಲೆ ರಜಾಕಾರರ ತಂಡಗಳು ಏರಿಬಂದು, ಮನೆಗಳನ್ನು ಸುಟ್ಟು, ಸೂರೆಮಾಡಿ, ಕೈಗೆ ಸಿಕ್ಕವರನ್ನು ಕೊಂದುಹಾಕಿದವು. ಬಸವಕಲ್ಯಾಣಕ್ಕಾಗಲಿ ಹುಮನಾಬಾದಕ್ಕಾಗಲಿ ದೂರವಲ್ಲದ ಈ ಹಳ್ಳಿಯಲ್ಲಿ ಮಡಿದವರು ಇನ್ನೂರಕ್ಕೆ ಮಿಕ್ಕಿದವರೆಂಬುದು ನಮ್ಮ ಸೀಮೆಯ ರೂಢಿಯ ಎಣಿಕೆ. ಅವರಲ್ಲಿ ಹೆಚ್ಚಿನವರು ಒಕ್ಕಲು ಮಕ್ಕಳು. ಆಯುಧ ಹಿಡಿದು ಅಭ್ಯಾಸವಿಲ್ಲದವರು. ಈ ಭಾಗದ ಜನರು ಗೋರಟಾವನ್ನು ಹೈದರಾಬಾದ ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುತ್ತ ಬಂದಿರುವರು. ಹೋಲಿಕೆಯು ದುಃಖದ ಮಟ್ಟಿಗೆ ಸರಿಯಾದುದೇ. ಆದರೆ ಒಂದು ಭೇದವನ್ನು ನೆನಪಿನಲ್ಲಿಡಬೇಕು. ಅಮೃತಸರದಲ್ಲಿ ಗುಂಡು ಹಾರಿಸಿದುದು ಸರಕಾರದ ಸೈನ್ಯ. ಗೋರಟಾದಲ್ಲಿ ಕೊಲೆಗೆ ಇಳಿದುದು ಸರಕಾರದ ಸಂಬಳ ಪಡೆಯದ, ಆದರೆ ಸರಕಾರವು ತಡೆಯದೆ ಬಿಟ್ಟ ಒಂದು ಖಾಸಗಿ ಪಡೆ. ಪ್ರಜೆಯನ್ನು ಕಾಯಬೇಕಾದ ಕೈಯು ಕಟ್ಟಿಕೊಂಡು ನಿಂತಾಗ ಆಗುವ ಅನಾಹುತವು, ಆ ಕೈಯೇ ಎತ್ತಿ ಹೊಡೆದಾಗ ಆಗುವ ಅನಾಹುತಕ್ಕಿಂತ ಕಡಿಮೆಯದಲ್ಲ.

ಈ ದಿನ ಆ ಮಡಿದವರಿಗೆ ತಲೆಬಾಗಿದ ಮೇಲೆ, ಅವರು ಯಾವ ಹೋರಾಟದ ನಡುವೆ ಪ್ರಾಣ ತೆತ್ತರೋ ಆ ಹೋರಾಟಕ್ಕೆ ದಿಕ್ಕು ತೋರಿದ ಪುರುಷನ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ಸ್ವಾಮಿ ರಮಾನಂದ ತೀರ್ಥರು ಗೋರಟಾದ ದುರಂತವನ್ನು ಕಣ್ಣಾರೆ ಕಂಡವರಲ್ಲ. ಆ ದಿನ ಅವರು ನಿಜಾಮ ಸರಕಾರದ ತುರಂಗದಲ್ಲಿದ್ದರು. ಆದರೂ ಆ ಹಳ್ಳಿಯ ತರುಣರ ಮನಸ್ಸಿನಲ್ಲಿ ಸ್ವಾತಂತ್ರ್ಯದ ಆಸೆಯನ್ನು ಬಿತ್ತಿದ ಚಳವಳಿಯ ಮುಂದಾಳು ಅವರೇ. ಸ್ಮರಣೆಯ ದಿನಗಳಲ್ಲಿ ಕಟುವಾದ ಮಾತುಗಳು ಸುಲಭವಾಗಿ ಹುಟ್ಟುತ್ತವೆ. ಕಟುಮಾತಿಗೆ ಎಲ್ಲರಿಗಿಂತ ಹೆಚ್ಚು ಕಾರಣವಿದ್ದೂ ಅದನ್ನು ಆಡದೆ ನಡೆದವರ ಜೀವನವನ್ನು ಅಂಥ ದಿನವೇ ಓದಿಕೊಳ್ಳುವುದು ಮೇಲು.

ಮೊದಲು ಆ ಸಂಸ್ಥಾನದ ಸ್ಥಿತಿಯನ್ನು ಎರಡು ಮಾತುಗಳಲ್ಲಿ ಹೇಳಬೇಕು. ಅಸಫಜಾಹಿ ದೊರೆಗಳ ಹೈದರಾಬಾದ ರಾಜ್ಯವು ಸುಮಾರು 82,000 ಚದರ ಮೈಲು ವಿಸ್ತಾರದ್ದು. 1941ರ ಖಾನೇಶುಮಾರಿಯಂತೆ ಅದರ ಜನಸಂಖ್ಯೆ 1 ಕೋಟಿ 63 ಲಕ್ಷ. ಹದಿನಾರು ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾ, ರಾಯಚೂರುಗಳು ಕನ್ನಡದ ಮೂರು, ಐದು ಮರಾಠಿಯವು, ಉಳಿದವು ತೆಲುಗಿನವು. ಪ್ರಜೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಮಾತನಾಡುತ್ತಿದ್ದುದು ಈ ಮೂರು ನುಡಿಗಳನ್ನು. ಕಚೇರಿ, ಕೋರ್ಟು, ಮೇಲ್ತರಗತಿಯ ಶಿಕ್ಷಣಗಳೆಲ್ಲ ನಡೆಯುತ್ತಿದ್ದುದು ಉರ್ದುವಿನಲ್ಲಿ. ಸಭೆ ನೆರೆಸಬೇಕಾದರೆ ಅಪ್ಪಣೆ ಬೇಕು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ನೆನಪು ನಮ್ಮ ಸೀಮೆಯ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಇದರ ಮೇಲೆ ಜಾಗೀರುಗಳ ಕಾಟ ಬೇರೆ. ಇಂದಿನ ಬಸವಕಲ್ಯಾಣವು ಅಂದು ಕಲ್ಯಾಣಿ ಎಂಬ ಹೆಸರಿನ ನವಾಬರ ಜಾಗೀರು. ಹುಮನಾಬಾದಕ್ಕೆ ನೆರೆಯ ಚಿಟಗುಪ್ಪೆಯ ಕಡೆ ಪಾಯಗಾ ಅಮೀರರ ಒಡೆತನ. ನಿಜಾಮನ ಪ್ರಜೆಗೆ ಒಬ್ಬ ದೊರೆಯಾದರೆ, ಜಾಗೀರಿನ ಪ್ರಜೆಗೆ ದೊರೆಯ ಕೆಳಗೆ ಇನ್ನೊಬ್ಬ ದೊರೆ. ಚಾಲುಕ್ಯರ ರಾಜಧಾನಿಯಾಗಿ ಮೆರೆದ, ಬಸವಾದಿ ಶರಣರ ಅನುಭವಗೋಷ್ಠಿಯನ್ನು ಕಂಡ ಕಲ್ಯಾಣದಲ್ಲಿ ಕನ್ನಡದ ಶಾಲೆಯೊಂದು ನಡೆಯುವುದೇ ಕಷ್ಟವಾಗಿತ್ತೆಂದರೆ ಉಳಿದುದನ್ನು ವಾಚಕರು ಊಹಿಸಿಕೊಳ್ಳಬಹುದು.

ಇಂಥ ರಾಜ್ಯದ ಬಿಡುಗಡೆಗೆ ಮುಂದಾಳಾದವರು ಹುಟ್ಟಿದುದು ಆ ರಾಜ್ಯದ ಹೊರಗೆ. 1903ನೆಯ ಇಸವಿ ಅಕ್ಟೋಬರ 3ರಂದು, ಅಂದಿನ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಅವರ ಜನನವಾಯಿತು. ಪೂರ್ವಾಶ್ರಮದ ಹೆಸರು ವ್ಯಂಕಟೇಶ ಭಗವಾನರಾವ ಖೇಡಗೀಕರ. ಮನೆತನವು ಸಾಧಾರಣ ಸ್ಥಿತಿಯದು. ಕನ್ನಡದ ನೆಲದಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಮುಂದೆ ತೆಲುಗರ ಮತ್ತು ಉರ್ದು ಮಾತಿನವರ ನಡುವೆ ಬಾಳಿದ ಇವರನ್ನು ಇಂಥ ಒಂದೇ ಪ್ರಾಂತದವರೆಂದು ಯಾರೂ ಹೇಳಲಾರದೆ ಹೋದರು. ಮೂರು ನುಡಿಗಳ ರಾಜ್ಯವೊಂದಕ್ಕೆ ಅಂಥವರೇ ಮುಂದಾಳಾಗಬೇಕಾಗಿದ್ದಿತು.

ಸೊಲ್ಲಾಪುರದಲ್ಲಿ ವಿದ್ಯಾರ್ಥಿಯಾಗಿದ್ದಾಗ ಲೋಕಮಾನ್ಯ ತಿಲಕರ ಪ್ರಭಾವ ಅವರ ಮೇಲೆ ಬಿದ್ದಿತು. 1920ನೆಯ ಇಸವಿ ಆಗಸ್ಟ 1ರಂದು ಲೋಕಮಾನ್ಯರು ದಿವಂಗತರಾದ ಸುದ್ದಿ ಕೇಳಿ, ಹದಿನೇಳು ತುಂಬದ ಈ ತರುಣನು ಜೀವಮಾನವೆಲ್ಲ ಬ್ರಹ್ಮಚರ್ಯದಲ್ಲಿದ್ದು ದೇಶಸೇವೆ ಮಾಡುವೆನೆಂದು ಪಣತೊಟ್ಟನು. ಆ ವಯಸ್ಸಿನ ಪಣಗಳು ಬಹುಮಟ್ಟಿಗೆ ಮೀಸೆ ಮೂಡುವುದರೊಳಗೆ ಮರೆತುಹೋಗುವಂಥವು. ಇವರ ಪಣವು ಐವತ್ತು ವರ್ಷಕ್ಕೆ ಮೇಲ್ಪಟ್ಟು ನಡೆಯಿತು. ಅಸಹಕಾರದ ಕರೆ ಬಂದಾಗ ಸರಕಾರದ ಶಾಲೆ ಬಿಟ್ಟು ರಾಷ್ಟ್ರೀಯ ಶಿಕ್ಷಣ ಪಡೆದರು. ಪುಣೆಯ ತಿಲಕ ವಿದ್ಯಾಪೀಠದಲ್ಲಿ ಪ್ರಜಾಪ್ರಭುತ್ವದ ಬೆಳವಣಿಗೆಯನ್ನು ಕುರಿತು ಪ್ರಬಂಧ ಬರೆದು ಎಂ.ಎ. ಆದರು. ಪ್ರಜಾಪ್ರಭುತ್ವವನ್ನು ಪುಸ್ತಕದಲ್ಲಿ ಅಭ್ಯಾಸಮಾಡಿದ ಈ ಪದವೀಧರನು ಅದರ ಗಂಧವೂ ಇಲ್ಲದ ರಾಜ್ಯದಲ್ಲಿ ಮುಂದಿನ ಆಯುಷ್ಯವನ್ನು ಕಳೆಯಬೇಕಾಗಿತ್ತು. ಕೆಲಕಾಲ ಕಾರ್ಮಿಕ ಮುಂದಾಳು ಎನ್.ಎಂ. ಜೋಶಿಯವರ ಕೈಕೆಳಗೆ ಕೆಲಸಮಾಡಿ, ಗಿರಣಿ ಕೂಲಿಗಾರರ ಬಾಳನ್ನು ಹತ್ತಿರದಿಂದ ಕಂಡರು. ದೇಹಾರೋಗ್ಯ ಕೆಟ್ಟಿತು. ಆ ಕೆಲಸ ಬಿಡಬೇಕಾಯಿತು.

1929ರಲ್ಲಿ ಅವರು ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗೆಯ ರಾಷ್ಟ್ರೀಯ ಶಾಲೆಗೆ ಬಂದರು. ಬಸವಕಲ್ಯಾಣದಿಂದ ಪಡುವಣಕ್ಕೆ ಉಮರ್ಗಾ, ಲೋಹಾರಾ ದಾಟಿದರೆ ಸಿಗುವ ಹಳ್ಳಿಯದು; ನಮ್ಮ ಸೀಮೆಗೆ ನೆರೆಯೇ ಸರಿ. ನಿಜಾಮ ರಾಜ್ಯದೊಳಗೆ ರಾಷ್ಟ್ರೀಯ ಶಾಲೆಯೊಂದು ಬದುಕಿದ್ದುದೇ ಒಂದು ಸೋಜಿಗ. ಅಲ್ಲಿ ಮುಖ್ಯಾಧ್ಯಾಪಕರಾಗಿ, ಹುಡುಗರ ಜೊತೆಯಲ್ಲಿಯೇ ಇದ್ದು, ನೂಲು ತೆಗೆಯುವುದರಿಂದ ಹಿಡಿದು ಇತಿಹಾಸ ಕಲಿಯುವವರೆಗೆ ಎಲ್ಲವನ್ನೂ ಒಂದೇ ವ್ರತದಂತೆ ನಡೆಸಿದರು. ಅಲ್ಲಿರುವಾಗಲೇ ಸಂನ್ಯಾಸದೀಕ್ಷೆ ಪಡೆದು ವ್ಯಂಕಟೇಶರಾಯರು ರಮಾನಂದ ತೀರ್ಥರಾದರು. ಸಂನ್ಯಾಸವೆಂದರೆ ಲೋಕವನ್ನು ಬಿಡುವುದೆಂದು ತಿಳಿದ ನಮ್ಮ ಜನಕ್ಕೆ, ಕಾವಿಯುಟ್ಟು ಲೋಕದೊಳಗೆ ಇನ್ನೂ ಆಳಕ್ಕೆ ಇಳಿದ ಈ ಯತಿಯು ಹೊಸಬನಾಗಿ ಕಂಡನು. ಮನೆ, ಮಡದಿ, ಮಕ್ಕಳು, ಆಸ್ತಿ ಇವುಗಳ ಮೂಲಕ ಮನುಷ್ಯನನ್ನು ಬೆದರಿಸುವುದು ಎಲ್ಲ ದೊರೆತನಗಳ ಹಳೆಯ ಉಪಾಯ. ಕಸಿದುಕೊಳ್ಳಲು ಏನೂ ಇಲ್ಲದವನ ಮುಂದೆ ಆ ಉಪಾಯ ನಡೆಯುವುದಿಲ್ಲ.

1935ರಲ್ಲಿ ಸ್ವಾಮಿಗಳು ಅಂಬಾಜೋಗಾಯಿಗೆ ಹೋಗಿ ಯೋಗೇಶ್ವರಿ ವಿದ್ಯಾಲಯವನ್ನು ಬೆಳೆಸುವುದರಲ್ಲಿ ತೊಡಗಿದರು. ಅವರ ಶಾಲೆಗಳಲ್ಲಿ ಕಲಿತವರೂ ಕಲಿಸಿದವರೂ ಮುಂದೆ ಚಳವಳಿಯ ಕಾರ್ಯಕರ್ತರಾದರು. 1937ರಲ್ಲಿ ಮಹಾರಾಷ್ಟ್ರ ಪರಿಷತ್ತಿನ ಕೆಲಸಕ್ಕೆ ಕೈಹಾಕಿದರು. ಆಗ ಆಂಧ್ರ, ಮಹಾರಾಷ್ಟ್ರ, ಕರ್ನಾಟಕ ಎಂದು ಮೂರು ಪರಿಷತ್ತುಗಳು ತಮ್ಮ ತಮ್ಮ ನುಡಿಯ ಜನರನ್ನು ಎಚ್ಚರಗೊಳಿಸುತ್ತಿದ್ದವು. ಮೂರೂ ಬೇರೆ ಬೇರೆಯಾಗಿರುವತನಕ ಸರಕಾರಕ್ಕೆ ಚಿಂತೆಯಿರಲಿಲ್ಲ. 1938ರಲ್ಲಿ ಮೂರು ಪ್ರಾಂತಗಳವರೂ ಒಂದಾಗಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸಲು ಹೊರಟಾಗ, ಅದು ಹುಟ್ಟುವ ಮೊದಲೇ ಸೆಪ್ಟೆಂಬರಿನಲ್ಲಿ ಅದರ ಮೇಲೆ ನಿರ್ಬಂಧ ಬಂದಿತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸ್ವಾಮಿಗಳೂ ಸೆರೆ ಸೇರಿದರು.

ಈ ಸತ್ಯಾಗ್ರಹದ ಒಂದು ಸಂಗತಿಯನ್ನು ಇಂದಿನ ಓದುಗರು ವಿಶೇಷವಾಗಿ ಗಮನಿಸಬೇಕು. ಅದೇ ಹೊತ್ತಿಗೆ ಆರ್ಯಸಮಾಜವೂ ಹಿಂದೂ ಮಹಾಸಭೆಯೂ ತಮ್ಮ ಧಾರ್ಮಿಕ ಹಕ್ಕುಗಳಿಗಾಗಿ ಬೇರೆಯಾಗಿ ಸತ್ಯಾಗ್ರಹ ಹೂಡಿದ್ದವು. ಆರ್ಯಸಮಾಜದವರು ಅಂದು ಬಹಳ ಕಷ್ಟ ಸಹಿಸಿದರು. ಬೀದರ ಜಿಲ್ಲೆಯಲ್ಲಿ ಅವರಿಗಿದ್ದ ಗೌರವ ಸಣ್ಣದಲ್ಲ. ಆದರೆ ಎರಡು ಹೊಳೆಗಳು ಒಂದಾಗಿ ಹರಿದರೆ, ಜವಾಬ್ದಾರಿ ಸರಕಾರಕ್ಕಾಗಿ ನಡೆದ ರಾಜಕೀಯ ಹೋರಾಟವನ್ನು ಮತದ ಜಗಳವೆಂದು ತೋರಿಸಲು ನಿಜಾಮ ಸರಕಾರಕ್ಕೆ ಆಸ್ಪದವಾಗುತ್ತಿತ್ತು. ಮಹಾತ್ಮಾ ಗಾಂಧಿಯವರ ಸಲಹೆಯಂತೆ ಸ್ಟೇಟ್ ಕಾಂಗ್ರೆಸ್ಸು ಡಿಸೆಂಬರಿನಲ್ಲಿ ತನ್ನ ಸತ್ಯಾಗ್ರಹವನ್ನು ಹಿಂದಕ್ಕೆ ತೆಗೆದುಕೊಂಡಿತು. ಸೆರೆಮನೆಯಲ್ಲಿ ಕುಳಿತ ಕಾರ್ಯಕರ್ತರಿಗೆ ಇದು ನುಂಗಲಾರದ ತುತ್ತು. ಸ್ವಾಮಿಗಳು ನುಂಗಿದರು. ಹೋರಾಟವು ಒಂದು ರಾಜ್ಯಪದ್ಧತಿಯೊಡನೆಯೇ ಹೊರತು ಒಂದು ಜನಾಂಗದೊಡನೆ ಅಲ್ಲವೆಂಬ ನಿಯಮವನ್ನು ಕಾಯಲು ಗೆಲುವನ್ನೂ ಮುಂದೂಡಬೇಕಾಗುತ್ತದೆಂಬುದನ್ನು ಅವರು ಅಂದು ಕಲಿತರು.

ಮುಂದಿನ ಎಂಟು ವರ್ಷ ನಿರ್ಬಂಧ ಹೋಗಲಿಲ್ಲ. 1940ರಲ್ಲಿ ವೈಯಕ್ತಿಕ ಸತ್ಯಾಗ್ರಹ, ಮತ್ತೆ ತುರಂಗ. 1942ರಲ್ಲಿ ಮುಂಬಯಿಯ ಕಾಂಗ್ರೆಸ್ ಬೈಠಕಿನಿಂದ ಮರಳಿ ಬರುತ್ತಲೇ ಮತ್ತೆ ತುರಂಗ. ಹೊರಗಿದ್ದಾಗ ಖಾದಿ, ಹರಿಜನಸೇವೆ, ಶಾಲೆ. ಒಂದು ಕಡೆ ಚಳವಳಿಯೊಳಗೆ ಕಾಯಿದೆಯ ದಾರಿಯಿಂದಲೇ ನಡೆಯಬೇಕೆನ್ನುವ ವಕೀಲ ಮುಂದಾಳುಗಳು. ಇನ್ನೊಂದು ಕಡೆ ತೆಲಂಗಾಣದಲ್ಲಿ ಬಲಗೊಳ್ಳುತ್ತಿದ್ದ ಕಮ್ಯೂನಿಸ್ಟರು. 1946ರ ಜುಲೈಯಲ್ಲಿ ನಿರ್ಬಂಧ ತೆಗೆದಾಗ, ಅಧ್ಯಕ್ಷಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಸ್ವಾಮಿಗಳು ಬೂರ್ಗುಲ ರಾಮಕೃಷ್ಣರಾಯರನ್ನು ಅತಿ ಕಡಿಮೆ ಅಂತರದಿಂದ ಗೆದ್ದರು. ಹೋರಾಟದ ಪಕ್ಷದವರು ಗೆದ್ದರು, ಆದರೆ ಸಂಸ್ಥೆಯ ಅರ್ಧ ಭಾಗ ಮನಸ್ಸಿನಲ್ಲಿ ದೂರವೇ ಉಳಿಯಿತು. ಮುಂದೆ ಅವರ ರಾಜಕೀಯ ಜೀವನದಲ್ಲಿ ಬಂದ ಬಹಳಷ್ಟು ಕಹಿಗೆ ಬೇರು ಇಲ್ಲಿಯೇ ಇದೆ.

1947ರ ಜೂನಿನಲ್ಲಿ ಹೈದರಾಬಾದಿನಲ್ಲಿ ನೆರೆದ ಸ್ಟೇಟ್ ಕಾಂಗ್ರೆಸ್ಸಿನ ಅಧಿವೇಶನವು ಭಾರತದೊಡನೆ ಸೇರುವುದೇ ತನ್ನ ಗುರಿಯೆಂದು ಸಾರಿತು. ಬ್ರಿಟಿಷರು ಹೋಗುತ್ತಲೇ ತಾನು ಸ್ವತಂತ್ರನೆಂದು ಘೋಷಿಸುವ ಹವಣಿಕೆಯಲ್ಲಿ ನಿಜಾಮನಿದ್ದನು. ಆಗಸ್ಟ 7ರಂದು ವಿಲೀನದ ಚಳವಳಿ ಆರಂಭವಾಯಿತು. ದೇಶವೆಲ್ಲ ದೀಪ ಹಚ್ಚಿದ ಆಗಸ್ಟ 15ರಂದು ಹೈದರಾಬಾದ ಸಂಸ್ಥಾನದಲ್ಲಿ ತ್ರಿವರ್ಣಧ್ವಜ ಏರಿಸುವುದೇ ಅಪರಾಧವಾಗಿದ್ದಿತು. ಆ ದಿನವೇ ಸ್ವಾಮಿಗಳು ಸೆರೆಯಾದರು. ನವೆಂಬರ 29ರಂದು ಭಾರತ ಸರಕಾರಕ್ಕೂ ನಿಜಾಮನಿಗೂ ಯಥಾಸ್ಥಿತಿ ಒಪ್ಪಂದವಾದಾಗ ಬಿಡುಗಡೆಯಾದರು. ಎರಡು ತಿಂಗಳು ಊರೂರು ತಿರುಗಿ, ದಿಲ್ಲಿಗೂ ಹೋಗಿ ಬಂದರು. 1948ರ ಜನವರಿಯಲ್ಲಿ ಮತ್ತೆ ಹಿಡಿದರು. ಮಹಾತ್ಮರ ಕೊಲೆಯ ಸುದ್ದಿ ಅವರಿಗೆ ಮುಟ್ಟಿದುದು ತುರಂಗದಲ್ಲಿ. ಗೋರಟಾ ಉರಿದುದೂ ಅವರು ತುರಂಗದಲ್ಲಿದ್ದಾಗಲೇ.

ಆ ಹೊತ್ತಿಗೆ ಲಾತೂರಿನ ವಕೀಲ ಕಾಸಿಂ ರಜವಿಯ ಕೈಗೆ ಇತ್ತೆಹಾದುಲ್ ಮುಸಲ್ಮೀನ್ ಸಂಸ್ಥೆಯು ಸೇರಿ, ಅದರ ಸ್ವಯಂಸೇವಕರಾದ ರಜಾಕಾರರು ಹಳ್ಳಿಗಳನ್ನು ಹೆದರಿಸುತ್ತ ತಿರುಗುತ್ತಿದ್ದರು. ಧ್ವಜ ಏರಿಸಿದ ಊರಿಗೆ ಶಿಕ್ಷೆ. ಕಾಂಗ್ರೆಸ್ಸಿನವನಿಗೆ ಅನ್ನವಿಕ್ಕಿದ ಮನೆಗೆ ಬೆಂಕಿ. ಸಾವಿರಾರು ಕುಟುಂಬಗಳು ಗಡಿದಾಟಿ ಸೊಲ್ಲಾಪುರ, ವಿಜಾಪುರ, ಧಾರವಾಡ ಜಿಲ್ಲೆಗಳಲ್ಲಿ ಆಶ್ರಯ ಪಡೆದವು. ದಿಗಂಬರರಾವ ಬಿಂದು ಅವರ ಅಧ್ಯಕ್ಷತೆಯ ಕ್ರಿಯಾಸಮಿತಿಯು ಗಡಿಯುದ್ದಕ್ಕೂ ಶಿಬಿರಗಳನ್ನು ನಡೆಸಿತು. ಕನ್ನಡದ ಕಡೆ ಗಜೇಂದ್ರಗಡ, ಮುಂಡರಗಿಗಳ ಶಿಬಿರಗಳ ಹೆಸರು ಇಂದಿಗೂ ಮನೆಮಾತು. ಸತ್ಯಾಗ್ರಹದಲ್ಲಿ ಮೊದಲಾದ ಚಳವಳಿಯು ಈ ಶಿಬಿರಗಳಲ್ಲಿ ಬಂದೂಕು ಹಿಡಿಯಿತು; ಸುಂಕದ ನಾಕಾಗಳ ಮೇಲೆ ಬಿದ್ದಿತು; ಹಳ್ಳಿಗಳ ರಕ್ಷಣೆಗೆ ನಿಂತಿತು. ಕಾವಿಯ ಮುಂದಾಳಿನ ಚಳವಳಿಗೆ ಇದು ಒಪ್ಪುವುದೇ ಎಂದು ಕೇಳುವವರುಂಟು. ಸರಕಾರವೇ ರಕ್ಷಣೆಯ ಹೊಣೆಯನ್ನು ಬಿಟ್ಟುಕೊಟ್ಟಾಗ ನಿರಾಯುಧ ಹಳ್ಳಿಗನು ಕೈಕಟ್ಟಿ ಸಾಯಬೇಕೆಂದು ಉಪದೇಶಿಸುವುದು ದೂರದಲ್ಲಿ ಕುಳಿತವರಿಗೆ ಸುಲಭ. ಆದರೆ ಒಮ್ಮೆ ಹೊರಬಂದ ಆಯುಧವು ರಕ್ಷಣೆ ಮುಗಿದ ಮೇಲೂ ಒರೆಯೊಳಕ್ಕೆ ತಾನಾಗಿ ಹೋಗುವುದಿಲ್ಲವೆಂಬುದೂ ಸತ್ಯ. ಎರಡನ್ನೂ ನಾವು ಹೇಳಲೇಬೇಕು.

ಗೋರಟಾವು ಈ ಬಿಸಿಯ ನಡುವೆ ಬಲಿಯಾದ ಊರು. ಧ್ವಜದ ಅಭಿಮಾನವೂ ರಜಾಕಾರರಿಗೆ ಎದುರುನಿಂತ ಕೆಚ್ಚೂ ಆ ಊರಿನ ತಪ್ಪುಗಳೆಂದು ಎಣಿಸಲ್ಪಟ್ಟವು. ಯಾರೋ ಕೆಲವರ ಮೇಲಿನ ಸೇಡನ್ನು ಇಡಿಯ ಊರಿನ ಮೇಲೆ ತೀರಿಸಲಾಯಿತು. ಸಾವಿನ ನಡುವೆಯೂ ಊರಿನೊಳಗೆ ಒಬ್ಬರಿಗೊಬ್ಬರು ಆಸರೆ ಕೊಟ್ಟು ನೂರಾರು ಜೀವಗಳನ್ನು ಉಳಿಸಿಕೊಂಡರೆಂಬುದನ್ನು ಆ ಭಾಗದವರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಬದುಕಿ ಉಳಿದವರು ಎಲ್ಲವನ್ನೂ ಬಿಟ್ಟು ಗಡಿಯಾಚೆಗೆ ನಡೆದರು. ನೇಗಿಲು ಹೂಡಬೇಕಾದ ಮುಂಗಾರಿನಲ್ಲಿ ಹೊಲಗಳು ಬೀಳುಬಿದ್ದವು.

ಸೆಪ್ಟೆಂಬರ 13ರಂದು ಭಾರತದ ಸೈನ್ಯವು ಸೊಲ್ಲಾಪುರದ ಕಡೆಯಿಂದ ಸಂಸ್ಥಾನದೊಳಕ್ಕೆ ಪ್ರವೇಶಿಸಿತು. ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ ಮಾರ್ಗವಾಗಿ ಮುಂದುವರಿದ ದಂಡು ನಮ್ಮ ತಾಲೂಕುಗಳ ನಡುವಿನಿಂದಲೇ ಹಾದುಹೋಯಿತು. 17ರಂದು ನಿಜಾಮನು ಶರಣಾದನು. ಸ್ವಾಮಿಗಳು ತುರಂಗದಿಂದ ಹೊರಬಂದರು. ಅದಕ್ಕೆ ಒಂದು ತಿಂಗಳೂ ತುಂಬದ ಹಿಂದೆ, ಆಗಸ್ಟಿನಲ್ಲಿ, ಹೈದರಾಬಾದ ನಗರದ ಬೀದಿಯಲ್ಲಿ ಇಮ್ರೋಜ್ ಪತ್ರಿಕೆಯ ತರುಣ ಸಂಪಾದಕ ಶೋಯಬುಲ್ಲಾ ಖಾನರನ್ನು ಕೊಲೆಮಾಡಲಾಗಿದ್ದಿತು. ಭಾರತದೊಡನೆ ಸೇರಬೇಕೆಂದೂ ರಜಾಕಾರರ ಹಾವಳಿ ನಿಲ್ಲಬೇಕೆಂದೂ ಉರ್ದುವಿನಲ್ಲಿ ಬರೆದುದೇ ಅವರ ಅಪರಾಧ. ಪತ್ರಿಕಾವೃತ್ತಿಯವರಾದ ನಾವು ಈ ಹೆಸರನ್ನು ಗೋರಟಾದ ಹೆಸರುಗಳ ಜೊತೆಯಲ್ಲಿಯೇ ಉಚ್ಚರಿಸುವುದು ಉಚಿತ. ರಜಾಕಾರರು ಒಂದು ಧರ್ಮದ ಪರವಾಗಿಯೂ ಮತ್ತೊಂದರ ವಿರುದ್ಧವಾಗಿಯೂ ಇದ್ದರೆಂದು ಹೇಳಿ ಮುಗಿಸುವವರಿಗೆ ಆ ಸಂಪಾದಕನ ನೆತ್ತರೇ ಉತ್ತರ.

ಇನ್ನು ಹೇಳಬೇಕಾದುದು ಕಠಿನವಾದ ಮಾತು. ಆದರೆ ಅದನ್ನು ಬಿಟ್ಟು ಸ್ವಾಮಿಗಳ ಚರಿತ್ರೆ ಹೇಳುವುದು ಅವರಿಗೆ ಅಗೌರವ. ರಜಾಕಾರರ ಆಳಿಕೆ ಮುರಿದ ಮೇಲಿನ ದಿನಗಳಲ್ಲಿ ಸೇಡಿನ ಅಲೆಯೊಂದು ಹಳ್ಳಿಗಳ ಮೇಲೆ ಹರಿಯಿತು. ಪಂಡಿತ ಸುಂದರಲಾಲರೂ ಕಾಜಿ ಅಬ್ದುಲ್ ಗಫಾರರೂ ಅವರ ಸಂಗಡಿಗರೂ ಭಾರತ ಸರಕಾರದ ಪರವಾಗಿ 1948ರ ನವೆಂಬರ, ಡಿಸೆಂಬರಿನಲ್ಲಿ ಸಂಸ್ಥಾನವನ್ನು ಸುತ್ತಿ, ಮಡಿದವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜುಮಾಡಿದರು. ಮಡಿದವರಲ್ಲಿ ಬಹುಮಂದಿ ರಜಾಕಾರರ ಕೃತ್ಯಗಳಲ್ಲಿ ಕೈಯಿಲ್ಲದ ಸಾಧಾರಣ ಮುಸಲ್ಮಾನರು. ಹಾನಿ ಎಲ್ಲಕ್ಕಿಂತ ಹೆಚ್ಚಾದುದು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ, ಅಂದರೆ ನಮ್ಮ ಸೀಮೆಯಲ್ಲಿಯೇ. ಆ ವರದಿಯು ಬಹುಕಾಲ ಕಡತಗಳಲ್ಲಿಯೇ ಉಳಿದು, ಸಾರ್ವಜನಿಕರ ಕಣ್ಣಿಗೆ ಬಿದ್ದುದು 2013ರ ಸುಮಾರಿಗೆ. ಅದೇ ವರದಿಯಲ್ಲಿ, ಹಿಂದೂ ನೆರೆಯವರು ಮುಸಲ್ಮಾನರನ್ನು ಮರೆಮಾಡಿ ಉಳಿಸಿದ ಪ್ರಸಂಗಗಳೂ, ನೇಕಾರರು ತಮ್ಮ ಕಸುಬಿನ ಬಂಧುಗಳಿಗೆ ಅಡ್ಡನಿಂತ ಸಂಗತಿಗಳೂ ದಾಖಲಾಗಿವೆ. ಗೋರಟಾದಲ್ಲಿ ಕೆಲವರ ಮೇಲಿನ ಸೇಡನ್ನು ಇಡಿಯ ಊರಿನ ಮೇಲೆ ತೀರಿಸಿದಂತೆಯೇ, ಆಮೇಲೆ ರಜಾಕಾರರ ಮೇಲಿನ ಸೇಡನ್ನು ಇಡಿಯ ಜನಾಂಗದ ಮೇಲೆ ತೀರಿಸಲಾಯಿತು. ಹತ್ತು ವರ್ಷ ಮೊದಲು ಯಾವ ನಿಯಮವನ್ನು ಕಾಯಲು ಸ್ವಾಮಿಗಳೂ ಅವರ ಸಂಗಡಿಗರೂ ತಮ್ಮ ಸತ್ಯಾಗ್ರಹವನ್ನೇ ಬಿಟ್ಟುಕೊಟ್ಟಿದ್ದರೋ ಆ ನಿಯಮವು ವಿಜಯದ ವಾರಗಳಲ್ಲಿ ಮುರಿಯಿತು.

ಬಿಡುಗಡೆಯ ಫಲವನ್ನು ಉಣ್ಣುವ ಪಂಕ್ತಿಯಲ್ಲಿ ಸ್ವಾಮಿಗಳು ಕೂಡಲಿಲ್ಲ. ಸೈನ್ಯದ ಆಡಳಿತ, ಅನಂತರ ಅಧಿಕಾರಿಗಳ ಮಂತ್ರಿಮಂಡಲ, 1952ರ ಚುನಾವಣೆಯ ಅನಂತರ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲ ಎಂದು ಕ್ರಮವಾಗಿ ಬಂದವು. ಯಾವುದರಲ್ಲಿಯೂ ಸ್ವಾಮಿಗಳಿಗೆ ಪದವಿಯಿರಲಿಲ್ಲ. ಪದವಿಯನ್ನು ಅವರು ಬಯಸಿದವರೂ ಅಲ್ಲ. ಜಾಗೀರುಗಳು 1949ರಲ್ಲಿ ರದ್ದಾಗಿ, 1950ರಲ್ಲಿ ಗೇಣಿದಾರರ ಕಾಯಿದೆ ಬಂದಾಗ, ಹೋರಾಟದ ನಿಜವಾದ ಅರ್ಥವು ಹೊಲಗಳಲ್ಲಿ ಕಾಣಬೇಕೆಂಬ ಅವರ ಪಕ್ಷದ ಹಟಕ್ಕೆ ಕೊಂಚ ಫಲ ಸಿಕ್ಕಿತು. ಆದರೆ ಸಂಸ್ಥೆಯೊಳಗಿನ ಗುಂಪುಗಾರಿಕೆ ಅವರನ್ನು ಬಹಳ ಬಳಲಿಸಿತು. ತುರಂಗಕ್ಕೆ ಜೊತೆಯಲ್ಲಿ ಹೋದವರು ಅಧಿಕಾರದ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕಾಡುವುದನ್ನು ನೋಡುವ ಯೋಗ ನಮ್ಮ ದೇಶದ ಅನೇಕ ಹಿರಿಯರಿಗೆ ಬಂದಂತೆ ಅವರಿಗೂ ಬಂದಿತು.

1952ರಲ್ಲಿ ಗುಲಬರ್ಗಾ ಕ್ಷೇತ್ರದ ಜನರು ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು, 1957ರಲ್ಲಿ ಔರಂಗಾಬಾದಿನವರು. ಒಂದು ಸಲ ಕನ್ನಡಿಗರೂ ಮತ್ತೊಂದು ಸಲ ಮರಾಠಿಗರೂ ತಮ್ಮವರೆಂದು ಆರಿಸಿದ ಮಾನ ಎಷ್ಟು ಮಂದಿಗೆ ದೊರೆತೀತು? ಹೈದರಾಬಾದ ರಾಜ್ಯವನ್ನು ಹಾಗೆಯೇ ಉಳಿಸಬೇಕೆಂಬ ಮನಸ್ಸು ಪಂಡಿತ ನೆಹರೂರವರಿಗೆ ಮೊದಲಲ್ಲಿದ್ದಿತು. ಮೂರು ನುಡಿಗಳ ಜನರು ತಮ್ಮ ತಮ್ಮ ನಾಡುಗಳನ್ನು ಕೂಡಿಕೊಳ್ಳಬೇಕೆಂದು ಸ್ವಾಮಿಗಳು ಗಟ್ಟಿಯಾಗಿ ವಾದಿಸಿದರು. ತಾನು ಬಿಡಿಸಿಕೊಂಡ ರಾಜ್ಯವನ್ನು ತಾನೇ ಮೂರು ಭಾಗ ಮಾಡಿ ಹಂಚಬೇಕೆಂದು ಕೇಳಿದ ಮುಂದಾಳು ಅಪರೂಪ. ರಾಜ್ಯವು ಒಂದಾಗಿರುವತನಕವೇ ಅವರು ಅದರ ಹಿರಿಯ ಮುಂದಾಳು. ಮೂರಾದ ಬಳಿಕ ಯಾವ ಭಾಗಕ್ಕೂ ಪೂರ್ತಿ ಸೇರದವರು. ಇದು ತಿಳಿದೇ ಅವರು ಹಾಗೆ ಕೇಳಿದರು. 1956ರ ನವೆಂಬರ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ವಿಶಾಲ ಮೈಸೂರಿಗೆ ಸೇರಿದವು. ಬೀದರ ಜಿಲ್ಲೆಯ ಉದಗೀರ, ನಿಲಂಗಾ ಮೊದಲಾದವು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಹುಮನಾಬಾದವೂ ಕಲ್ಯಾಣವೂ ಕನ್ನಡಕ್ಕೆ ಉಳಿದವು. ಇಂದು ಈ ಊರುಗಳ ಕಚೇರಿಗಳಲ್ಲಿ ಕನ್ನಡದ ಅರ್ಜಿ ನಡೆಯುವುದಾದರೆ ಅದರಲ್ಲಿ ಆ ಕಾವಿಯವರ ಪಾಲೂ ಇದೆ.

ಆಮೇಲಿನ ವರ್ಷಗಳಲ್ಲಿ ಅವರು ಚುನಾವಣೆಯ ರಾಜಕಾರಣದಿಂದ ಹಿಂದೆ ಸರಿದು, ಶಿಕ್ಷಣ, ಖಾದಿ, ಸಮಾಜಸೇವೆಗಳಿಗೆ ಮರಳಿದರು. 1967ರಲ್ಲಿ ಹೈದರಾಬಾದ ಹೋರಾಟದ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. 1972ನೆಯ ಇಸವಿ ಜನವರಿ 22ರಂದು ಹೈದರಾಬಾದಿನಲ್ಲಿ ದೇಹಬಿಟ್ಟರು. ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ. ಅವರ ಹೆಸರಿನ ವಿಶ್ವವಿದ್ಯಾಲಯವು ನಾಂದೇಡದಲ್ಲಿ 1994ರಲ್ಲಿ ಸ್ಥಾಪನೆಯಾಯಿತು. ಅವರು ಹುಟ್ಟಿದ ಕನ್ನಡನಾಡಿನಲ್ಲಿ, ಅವರನ್ನು ಮೊದಲ ಲೋಕಸಭೆಗೆ ಕಳುಹಿಸಿದ ಸೀಮೆಯಲ್ಲಿ, ಅವರ ಹೆಸರು ಸೆಪ್ಟೆಂಬರ 17ರ ಭಾಷಣಗಳಲ್ಲಿ ಒಂದು ಸಾಲಾಗಿ ಬಂದು ಹೋಗುವುದಷ್ಟೇ. 2012ರಲ್ಲಿ ಸಂವಿಧಾನಕ್ಕೆ 371ಜೆ ಕಲಮು ಸೇರಿ ಈ ಭಾಗಕ್ಕೆ ವಿಶೇಷ ಸ್ಥಾನ ದೊರೆಯಿತು. 2019ರಲ್ಲಿ ಹೈದರಾಬಾದ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದುದು ಸಂತೋಷ. ಹೆಸರಿನ ಹಿಂದಿನ ತ್ಯಾಗವನ್ನು ಮಕ್ಕಳಿಗೆ ಹೇಳದಿದ್ದರೆ ಆ ಸಂತೋಷ ಪೊಳ್ಳು.

ಗೋರಟಾದಲ್ಲಿ 2023ರ ಮಾರ್ಚಿನಲ್ಲಿ ಹುತಾತ್ಮರ ಸ್ಮಾರಕವೂ ಸರದಾರ ಪಟೇಲರ ಪ್ರತಿಮೆಯೂ ಅನಾವರಣಗೊಂಡವು. ಎಪ್ಪತ್ತೈದು ವರ್ಷಗಳ ಮೇಲಾದರೂ ಕಲ್ಲಿನಲ್ಲಿ ನೆನಪು ನಿಂತಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ಕಲ್ಲು ತಾನಾಗಿ ಮಾತಾಡುವುದಿಲ್ಲ. ಅದರ ಮುಂದೆ ನಿಂತವರು ಯಾವ ಮಾತನ್ನು ಆಡುವರೋ ಅದೇ ಅದರ ಮಾತಾಗುವುದು. ಅಲ್ಲಿ ನಿಂತು ಒಬ್ಬನು ಇಂದಿನ ನೆರೆಯವನ ಮೇಲೆ ಹಲ್ಲು ಕಡಿದರೆ, ಮಡಿದವರಿಗೆ ಅದರಿಂದ ಏನು ಬಂದಿತು? ರಜವಿಯು ಕೊನೆಗೆ ದೇಶಬಿಟ್ಟು ಪಾಕಿಸ್ತಾನಕ್ಕೆ ಹೋದನು. ಇಲ್ಲಿಯೇ ಉಳಿದವರು ನಮ್ಮ ಜೊತೆಯಲ್ಲಿ ಸಂತೆಗೆ ಬರುವವರು, ನಮ್ಮ ಮಕ್ಕಳ ಜೊತೆಯಲ್ಲಿ ಶಾಲೆಯಲ್ಲಿ ಕೂಡುವವರು. ಸಕಲಮತಗಳೂ ಒಂದೇ ಎಂದು ಸಾರಿದ ಮಾಣಿಕಪ್ರಭುಗಳ ಗಾದಿಯು ಹುಮನಾಬಾದದ ಮಗ್ಗುಲಲ್ಲಿಯೇ ಇದೆ. ಅಲ್ಲಿಗೆ ಎರಡೂ ಮತದವರು ನಡೆದುಕೊಂಡು ಬಂದುದು ನಿಜಾಮನ ಅಪ್ಪಣೆಯಿಂದಲ್ಲ, ರಜಾಕಾರರು ಬಂದರೆಂದು ನಿಂತುದೂ ಅಲ್ಲ.

ಆದುದರಿಂದ ಅಧಿಕಾರಿಗಳಿಗೂ ನಾಗರಿಕರಿಗೂ ನಮ್ಮ ಬಿನ್ನಹ ಇಷ್ಟು. ಆ ದಿನಗಳನ್ನು ಕಂಡವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರಿಂದಲೂ ಅವರ ಮಕ್ಕಳಿಂದಲೂ ಕೇಳಿ ಬರೆದಿಡುವ ಕೆಲಸವನ್ನು ತಾಲೂಕು ಕಚೇರಿ, ಕಾಲೇಜುಗಳು ಕೂಡಿ ಕೈಕೊಳ್ಳಲಿ. ಗೋರಟಾದಲ್ಲಿ ಮಡಿದ ಪ್ರತಿಯೊಬ್ಬರ ಹೆಸ‌ರು, ತಂದೆಯ ಹೆಸರು, ಮನೆತನ ಒಂದು ಪುಸ್ತಕದಲ್ಲಿ ಸೇರಲಿ. ಮೇ ತಿಂಗಳಲ್ಲಿ ಮಡಿದವರಂತೆಯೇ ಸೆಪ್ಟೆಂಬರಿನ ಅನಂತರ ಸೇಡಿಗೆ ಬಲಿಯಾದ ನಿರಪರಾಧಿಗಳ ಲೆಕ್ಕವನ್ನೂ ಅದೇ ಪ್ರಾಮಾಣಿಕತೆಯಿಂದ ಬರೆಯಲಿ. ಸ್ವಾಮಿ ರಮಾನಂದ ತೀರ್ಥರ ಚರಿತ್ರೆಯನ್ನು ಸಿಂದಗಿಯಿಂದ ಬೀದರದವರೆಗಿನ ಶಾಲೆಗಳ ಹುಡುಗರಿಗೆ ಹೇಳಲಿ. ಸೇಡು ಲೆಕ್ಕವನ್ನು ಎಂದೂ ಮುಗಿಸುವುದಿಲ್ಲ, ಸಾಲವನ್ನು ಮುಂದಿನ ಪೀಳಿಗೆಯ ಹೆಸರಿಗೆ ಬರೆಯುವುದಷ್ಟೇ. ಆ ಸಾಲದ ಪತ್ರವನ್ನು ಹರಿದುಹಾಕಿ, ಸತ್ಯವನ್ನು ಮಾತ್ರ ಮಕ್ಕಳಿಗೆ ಬಿಟ್ಟುಹೋಗುವುದೇ ಗೋರಟಾದ ಹುತಾತ್ಮರಿಗೂ ಅವರ ಚಳವಳಿಯ ಯತಿಗೂ ನಾವು ಸಲ್ಲಿಸಬಹುದಾದ ಕಾಣಿಕೆ.